ಆಟ ಓಡಲಿಲ್ಲವೇ? ರೆಕಾರ್ಡ್ ಪುಸ್ತಕ ತೆಗೆಯಿರಿ!

ಪೋಷಕರ ಸಭೆ ನಡೆದಾಗಲೆಲ್ಲ ತಪ್ಪದೆ ಕೇಳಿಬರುವ ದೂರು ಒಂದಿದೆ: ‘ಸಾರ್, ಹುಡುಗ ಪುಸ್ತಕ ಮುಟ್ಟುವುದಿಲ್ಲ, ಕಂಪ್ಯೂಟರ್ ಆಟ ಬಿಟ್ಟು ಏಳುವುದಿಲ್ಲ. ನೀವೇ ಒಂದು ಮಾತು ಹೇಳಿ.’ ಈ ದೂರನ್ನು ತಳ್ಳಿಹಾಕುವಂತಿಲ್ಲ. ಆಟದ ಗೀಳು ಮಿತಿಮೀರಿದರೆ ಅದೂ ಒಂದು ಕಾಯಿಲೆಯೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಕಂಪ್ಯೂಟರಿನಲ್ಲಿ ಆಡುವವರೆಲ್ಲ ಒಂದೇ ಬಗೆಯವರಲ್ಲ. ಆಟ ಸರಾಗವಾಗಿ ಓಡುತ್ತಿರುವಾಗ ಇದು ಗೊತ್ತಾಗುವುದಿಲ್ಲ. ಅದು ಕೆಟ್ಟು ನಿಂತಾಗ ನೋಡಿ. ಒಬ್ಬ ಮೌಸ್ ಕುಕ್ಕಿ ಎದ್ದುಹೋಗುತ್ತಾನೆ. ಇನ್ನೊಬ್ಬ ‘ಇದು ಏಕೆ ನಿಂತಿತು?’ ಎಂದು ಕೇಳುತ್ತಾನೆ. ಈ ಎರಡನೆಯ ಬಗೆಯವರು ಸೇರಿ ಕಟ್ಟಿಕೊಂಡ ಒಂದು ಬಳಗದ ವಿಷಯವನ್ನು ಈ ವಾರ ನೋಡೋಣ. ಅದು ಲಿನಕ್ಸ್ ಆಟಗಾರರ ಬಳಗ.

ವಿಂಡೋಸ್‌ನಂತೆ ಲಿನಕ್ಸ್ ಕೂಡ ಕಂಪ್ಯೂಟರನ್ನು ನಡೆಸುವ ಒಂದು ಕಾರ್ಯಾಚರಣ ವ್ಯವಸ್ಥೆ. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಇದರ ತಿರುಳನ್ನು ಬರೆದು, ಯಾರು ಬೇಕಾದರೂ ನೋಡಲಿ, ತಿದ್ದಲಿ ಎಂದು ತೆರೆದಿಟ್ಟರು. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೆ ಕೆಲಸ ಮಾಡುತ್ತಿರುವುದೂ ಇದೇ ತಿರುಳು. ವಿಜ್ಞಾನಿಗಳೂ ಎಂಜಿನಿಯರುಗಳೂ ಲಿನಕ್ಸನ್ನು ಬೇಗ ಒಪ್ಪಿಕೊಂಡರು. ಆದರೆ ಆಟ ತಯಾರಿಸುವ ಕಂಪನಿಗಳು ಅತ್ತ ಹೆಚ್ಚು ಸುಳಿಯಲಿಲ್ಲ. ಕೊಳ್ಳುವವರ ಮನೆಗಳಲ್ಲಿ ಇದ್ದದ್ದು ಹೆಚ್ಚಾಗಿ ವಿಂಡೋಸ್. ಆಟಗಳೂ ಅದಕ್ಕೇ ತಯಾರಾದವು.

ವಿಂಡೋಸ್ ಆಟ ಲಿನಕ್ಸ್‌ನಲ್ಲಿ ಏಕೆ ಓಡುವುದಿಲ್ಲ? ಕಾಶಿಯಾತ್ರೆಗೆ ಹೋದ ನಮ್ಮೂರಿನ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ಅವರಿಗೆ ತಾಮ್ರದ ತಂಬಿಗೆ ಬೇಕು. ಅಂಗಡಿಯಲ್ಲಿ ತಂಬಿಗೆ ಇದೆ, ಅಜ್ಜಿಯ ಸೆರಗಿನ ಗಂಟಿನಲ್ಲಿ ಹಣವೂ ಇದೆ. ಆದರೆ ಅಜ್ಜಿಗೆ ಹಿಂದಿ ಬಾರದು, ಅಂಗಡಿಯವನಿಗೆ ಕನ್ನಡ ಬಾರದು. ಆಟದ ಕಥೆಯೂ ಇಷ್ಟೆ. ‘ಈ ಕಡತ ತೆರೆ, ಇಲ್ಲಿ ತ್ರಿಕೋನ ಬರೆ, ಅದಕ್ಕೆ ಈ ಬಣ್ಣ ತುಂಬು’ ಎಂದು ಆಟವು ವಿಂಡೋಸ್‌ನ ಭಾಷೆಯಲ್ಲಿ ಕೇಳುತ್ತದೆ. ಇವೆಲ್ಲವನ್ನೂ ಮಾಡುವ ಸಾಮರ್ಥ್ಯ ಲಿನಕ್ಸ್‌ಗೆ ಇದೆ; ಕೇಳಿದ ಮಾತು ಮಾತ್ರ ಅರ್ಥವಾಗುವುದಿಲ್ಲ. ಅಜ್ಜಿಯ ಪಕ್ಕದಲ್ಲಿ ಎರಡೂ ಭಾಷೆ ಬಲ್ಲ ಮೊಮ್ಮಗನೊಬ್ಬ ನಿಂತರೆ ಸಾಕು, ವ್ಯಾಪಾರ ಕುದುರುತ್ತದೆ.

ಅಂಥ ಮೊಮ್ಮಗನ ಕೆಲಸ ಮಾಡುವ ತಂತ್ರಾಂಶದ ಹೆಸರು ವೈನ್. ಪೋಷಕರು ಗಾಬರಿಯಾಗಬೇಕಿಲ್ಲ, ಇದು ಕುಡಿಯುವ ವೈನ್ ಅಲ್ಲ! 1993ರಲ್ಲಿ ಆಸಕ್ತರು ಸೇರಿ ಇದನ್ನು ಆರಂಭಿಸಿದರು. ವಿಂಡೋಸ್‌ನ ಒಳಗುಟ್ಟು ಹೊರಗಿನವರಿಗೆ ಕಾಣುವುದಿಲ್ಲವಾದ್ದರಿಂದ, ಯಾವ ಕರೆಗೆ ಅದು ಏನು ಉತ್ತರ ಕೊಡುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿಯೇ ಅನೇಕ ಸಂಗತಿಗಳನ್ನು ಕಂಡುಕೊಳ್ಳಬೇಕಾಯಿತು. 1.0 ಎಂಬ ಸಂಖ್ಯೆ ಹೊತ್ತ ಆವೃತ್ತಿ ಹೊರಬಂದದ್ದು 2008ರ ಜೂನ್‌ನಲ್ಲಿ. ಅಂದರೆ ಹದಿನೈದು ವರ್ಷಗಳ ತಾಳ್ಮೆ!

ಮುಂದಿನದು ಇನ್ನೂ ಸ್ವಾರಸ್ಯಕರ. 2017ರಲ್ಲಿ ‘ನಿಯರ್: ಆಟೊಮಾಟಾ’ ಎಂಬ ಆಟ ಬಿಡುಗಡೆಯಾಯಿತು. ಜರ್ಮನಿಯ ಫಿಲಿಪ್ ರೆಬೋಲೆ ಅವರಿಗೆ ಅದನ್ನು ಲಿನಕ್ಸ್‌ನಲ್ಲಿ ಆಡುವ ಆಸೆ. ಆದರೆ ಚಿತ್ರ ಬರೆಯಲು ಆ ಆಟ ಬಳಸುತ್ತಿದ್ದ ಡೈರೆಕ್ಟ್‌ತ್ರೀಡಿ 11 ಎಂಬ ವಿಂಡೋಸ್ ಭಾಷೆಯನ್ನು ವೈನ್ ಆಗಿನ್ನೂ ಚೆನ್ನಾಗಿ ಕಲಿತಿರಲಿಲ್ಲ. ರೆಬೋಲೆ ಆ ಭಾಷೆಯನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಎಂಬ ಭಾಷೆಗೆ ಅನುವಾದಿಸುವ ತಂತ್ರಾಂಶವನ್ನು ತಾವೇ ಬರೆಯತೊಡಗಿದರು. ಅದೇ ಡಿಎಕ್ಸ್‌ವಿಕೆ. ಅಮೆರಿಕದ ವಾಲ್ವ್ ಎಂಬ ಆಟದ ಕಂಪನಿ ಇದನ್ನು ಗಮನಿಸಿ ಅವರ ಕೆಲಸಕ್ಕೆ ಸಂಬಳ ಕೊಡತೊಡಗಿತು. 2018ರ ಆಗಸ್ಟ್‌ನಲ್ಲಿ ವೈನ್ ಮತ್ತು ಡಿಎಕ್ಸ್‌ವಿಕೆಗಳನ್ನು ಸೇರಿಸಿ ‘ಪ್ರೋಟಾನ್’ ಎಂಬ ಹೆಸರಿನಲ್ಲಿ ಹೊರತಂದಿತು. ಒಬ್ಬ ಆಟಗಾರನ ಆಸೆಯಿಂದ ಹುಟ್ಟಿದ ಈ ಕೆಲಸದ ಬಲದಿಂದ ಇಂದು ಸಾವಿರಾರು ವಿಂಡೋಸ್ ಆಟಗಳು ಲಿನಕ್ಸ್‌ನಲ್ಲಿ ಓಡುತ್ತಿವೆ. ವಾಲ್ವ್ 2022ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ‘ಸ್ಟೀಮ್ ಡೆಕ್’ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರದೊಳಗಿರುವುದೂ ಲಿನಕ್ಸೇ.

ಇದೇ ಕಂಪನಿ 2012ರಲ್ಲಿ ಪ್ರಕಟಿಸಿದ ಒಂದು ಅಳತೆ ವಿಜ್ಞಾನದ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾಗಿದೆ. ‘ಲೆಫ್ಟ್ ಫೋರ್ ಡೆಡ್ 2’ ಎಂಬ ತನ್ನ ಆಟವನ್ನು ಅದು ಲಿನಕ್ಸ್‌ಗೆ ತಂದಾಗ ತೆರೆಯ ಮೇಲೆ ಮೂಡಿದ್ದು ಸೆಕೆಂಡಿಗೆ ಬರೀ 6 ಚಿತ್ರಗಳು. ವಿಂಡೋಸ್‌ನಲ್ಲಿ ಅದೇ ಆಟಕ್ಕೆ 270.6 ಚಿತ್ರಗಳು! ‘ಲಿನಕ್ಸ್ ಆಟಕ್ಕೆ ಲಾಯಕ್ಕಲ್ಲ’ ಎಂದು ಕೈಬಿಡಬಹುದಿತ್ತು. ಹಾಗೆ ಮಾಡದೆ, ಅಡಚಣೆ ಎಲ್ಲೆಲ್ಲಿದೆ ಎಂದು ಒಂದೊಂದಾಗಿ ಅಳೆದು ತಿದ್ದುತ್ತ ಹೋದರು. ಕೊನೆಗೆ ಲಿನಕ್ಸ್‌ನಲ್ಲಿ ದೊರೆತ ವೇಗ ಸೆಕೆಂಡಿಗೆ 315 ಚಿತ್ರಗಳು.

ಈಗ ಬಳಗದ ವಿಷಯಕ್ಕೆ ಬರೋಣ. ಜಗತ್ತಿನಲ್ಲಿ ಆಟಗಳು ಅಸಂಖ್ಯ, ಕಂಪ್ಯೂಟರುಗಳ ಬಗೆಯೂ ಅಸಂಖ್ಯ. ಎಲ್ಲವನ್ನೂ ಒಂದು ಕಂಪನಿ ಪರೀಕ್ಷಿಸಲಾರದು. ಆ ಕೆಲಸವನ್ನು ಆಟಗಾರರೇ ವಹಿಸಿಕೊಂಡಿದ್ದಾರೆ. ಯಾವ ಆಟ ಹೇಗೆ ಓಡಿತು ಎಂದು ಬರೆದು ಒಂದೆಡೆ ಸೇರಿಸುತ್ತಾರೆ. ಆ ವರದಿಗಳ ಆಧಾರದ ಮೇಲೆ ಆಟಗಳಿಗೆ ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು ಎಂಬ ದರ್ಜೆಗಳು ದೊರೆಯುತ್ತವೆ. ಓಡದೇ ಹೋದ ಆಟಕ್ಕೂ ಒಂದು ದರ್ಜೆಯುಂಟು!

ಇಲ್ಲಿ ‘ಆಟ ಕೆಟ್ಟಿದೆ, ಸರಿಮಾಡಿ’ ಎಂದಷ್ಟೇ ಬರೆದರೆ ಯಾರೂ ಏನೂ ಮಾಡಲಾಗುವುದಿಲ್ಲ. ಕಂಪ್ಯೂಟರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು, ತಂತ್ರಾಂಶದ ಆವೃತ್ತಿ ಸಂಖ್ಯೆ ಎಷ್ಟು, ನೀವು ಯಾವ ಕ್ರಮದಲ್ಲಿ ಏನೇನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಮತ್ತೆ ಮಾಡಿದಾಗಲೂ ಹಾಗೆಯೇ ಆಯಿತೇ – ಇಷ್ಟನ್ನೂ ಬರೆಯಬೇಕು. ವಿದ್ಯಾರ್ಥಿಗಳೇ, ಇದನ್ನು ಎಲ್ಲೋ ನೋಡಿದಂತಿದೆಯಲ್ಲವೇ? ಉದ್ದೇಶ, ಉಪಕರಣಗಳು, ವಿಧಾನ, ವೀಕ್ಷಣೆ, ತೀರ್ಮಾನ. ನಿಮ್ಮ ಪ್ರಾಯೋಗಿಕ ತರಗತಿಯ ರೆಕಾರ್ಡ್ ಪುಸ್ತಕವೇ ಇದು! ಅಲ್ಲಿ ಪಕ್ಕದವನ ರೆಕಾರ್ಡ್ ನೋಡಿ ವೀಕ್ಷಣೆ ತುಂಬಿಸುವವರುಂಟು. ಅದರಿಂದ ಅಂಕ ಬರಬಹುದು. ಇಲ್ಲಿ ನಕಲು ಹೊಡೆದರೆ ಆಟ ಓಡುವುದಿಲ್ಲ. ಒಮ್ಮೆಗೆ ಒಂದೇ ಅಂಶವನ್ನು ಬದಲಿಸಬೇಕು, ಉಳಿದದ್ದನ್ನು ಹಾಗೆಯೇ ಇಡಬೇಕು ಎಂಬ ನಿಯಮವನ್ನು ತರಗತಿಯಲ್ಲಿ ಬಾಯಿಪಾಠ ಮಾಡುವವನು ಇಲ್ಲಿ ಅನುಭವದಿಂದ ಕಲಿಯುತ್ತಾನೆ.

ಲಿನಕ್ಸ್‌ಗೆಂದೇ ಹುಟ್ಟಿದ ಆಟಗಳೂ ಇವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಜಾಸ್ಮಿನ್ ಪ್ಯಾಟ್ರಿ ತಮ್ಮ ಪಠ್ಯದ ಭಾಗವಾಗಿ ಶುರುಮಾಡಿದ ‘ಟಕ್ಸ್ ರೇಸರ್’ ಅಂಥದ್ದು. ಪೆಂಗ್ವಿನ್ ಒಂದು ಹಿಮದ ಇಳಿಜಾರಿನಲ್ಲಿ ಹೊಟ್ಟೆಯ ಮೇಲೆ ಜಾರುತ್ತ ಮೀನು ಸಂಗ್ರಹಿಸುತ್ತದೆ. ಮಂಜುಗಡ್ಡೆ, ಹಿಮ, ಬಂಡೆ – ಒಂದೊಂದರ ಮೇಲೂ ಘರ್ಷಣೆ ಬೇರೆ ಬೇರೆ. 2002ರಲ್ಲಿ ಇದರ ಮುಂದಿನ ಆವೃತ್ತಿ ಮಾರಾಟದ ಸರಕಾಯಿತು, ಅದರ ಒಳಬರಹ ಮುಚ್ಚಿಹೋಯಿತು. ಆದರೆ 2000ದಲ್ಲಿ ತೆರೆದಿಟ್ಟಿದ್ದ ಹಳೆಯ ಬರಹ ಜನರ ಬಳಿ ಇತ್ತಲ್ಲ! ಬಳಗದವರು ಅದನ್ನೇ ಬೆಳೆಸಿದರು. ‘ಎಕ್ಸ್‌ಟ್ರೀಮ್ ಟಕ್ಸ್ ರೇಸರ್’ ಎಂಬ ಹೆಸರಿನಲ್ಲಿ ಅದು ಇಂದಿಗೂ ಉಚಿತವಾಗಿ ಸಿಗುತ್ತದೆ. ಇದರಲ್ಲಿ ಬೆಟ್ಟದ ಎತ್ತರ ತಗ್ಗುಗಳನ್ನು ಬೂದುಬಣ್ಣದ ಒಂದು ಚಿತ್ರದ ಛಾಯೆಗಳಿಂದ ಸೂಚಿಸಿರುತ್ತಾರೆ. ಆ ಚಿತ್ರವನ್ನು ತಿದ್ದಿದರೆ ಬೆಟ್ಟವೇ ಬದಲಾಗುತ್ತದೆ!

ಹಾಗೆಂದು ಎಲ್ಲವೂ ಸುಗಮವೆಂದು ಭ್ರಮಿಸಬೇಡಿ. ಹಲವರು ಒಟ್ಟಿಗೆ ಆಡುವ ಕೆಲವು ಜನಪ್ರಿಯ ಆಟಗಳಲ್ಲಿ ಮೋಸ ತಡೆಯುವ ಕಾವಲು ತಂತ್ರಾಂಶವು ವಿಂಡೋಸ್‌ನ ತಿರುಳಿನೊಳಗೇ ಕೂರಬೇಕೆಂದು ಹಟ ಹಿಡಿಯುತ್ತದೆ. ಅಂಥವು ಲಿನಕ್ಸ್‌ನಲ್ಲಿ ಓಡುವುದಿಲ್ಲ. ಹೊಡಿ ಬಡಿ ಆಟಗಳು ಇಲ್ಲೂ ಇವೆ. ಲಿನಕ್ಸ್‌ನಲ್ಲಿ ಆಡಿದ ಮಾತ್ರಕ್ಕೆ ನಾಲ್ಕು ಗಂಟೆ ಎರಡು ಗಂಟೆಯಾಗುವುದಿಲ್ಲ. ನಿದ್ದೆ ಕೆಟ್ಟರೆ ಕೆಟ್ಟಂತೆಯೇ.

ಪೋಷಕರಿಗೆ ನನ್ನ ಸಲಹೆ ಇಷ್ಟೆ. ವಿಂಡೋಸ್ 10ಕ್ಕೆ ತಯಾರಕರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಿಂದಾಗಿ ಮೂಲೆ ಸೇರಿದ ಕಂಪ್ಯೂಟರ್ ಮನೆಯಲ್ಲಿದ್ದರೆ ಗುಜರಿಗೆ ಹಾಕುವ ಮುನ್ನ ಮಗನ ಅಥವಾ ಮಗಳ ಕೈಗೆ ಕೊಡಿ. ಅದರಲ್ಲಿರುವ ಫೋಟೊ, ಕಾಗದಪತ್ರಗಳನ್ನು ಮೊದಲು ಬೇರೆಡೆ ಉಳಿಸಿಕೊಳ್ಳಿ. ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಒಗ್ಗಿದರೆ ಆಮೇಲೆ ಕಂಪ್ಯೂಟರಿಗೆ ಹಾಕಿದರಾಯಿತು. ಆಟಕ್ಕೆ ಹೊತ್ತು ಗೊತ್ತು ಮಾಡಿ, ಜೊತೆಗೊಂದು ಷರತ್ತು ಹಾಕಿ: ಆಟ ಕೈಕೊಟ್ಟ ದಿನ ಆದದ್ದೇನು ಎಂದು ನೋಟ್‌ಬುಕ್ಕಿನಲ್ಲಿ ಒಂದು ಪುಟ ಬರೆಯಬೇಕು. ವಾರಕ್ಕೊಮ್ಮೆ ನೀವು ಆ ಪುಟ ಓದಿ. ಅರ್ಥವಾಗದಿದ್ದರೆ ‘ಇದೇನು, ನನಗೆ ಬಿಡಿಸಿ ಹೇಳು’ ಎಂದು ಮಕ್ಕಳನ್ನೇ ಕೇಳಿ. ತಂದೆ ತಾಯಿಗೆ ಅರ್ಥವಾಗುವಂತೆ ಬಿಡಿಸಿ ಹೇಳಬಲ್ಲ ಮಗು ವಿಜ್ಞಾನದ ಅರ್ಧ ದಾರಿ ನಡೆದಂತೆಯೇ ಸರಿ.