ಓವನ್ನಿನ ಜಿಡ್ಡು ಮತ್ತು ನಮ್ಮ ಚರ್ಮ

ಮಸ್ಕತ್ತಿನ ರೂವಿ, ಅಲ್ ಖುವೈರ್, ಘುಬ್ರಾ ಪ್ರದೇಶಗಳ ಬಾಡಿಗೆ ಮನೆಗಳಲ್ಲಿ ವಾಸಿಸುವ ಕನ್ನಡ ಕುಟುಂಬಗಳಿಗೆ ಓವನ್ ಕೇಳಿ ಪಡೆದ ವಸ್ತುವಲ್ಲ. ಗ್ಯಾಸ್ ಒಲೆಯನ್ನು ಕೊಂಡಾಗ ಅದರ ಹೊಟ್ಟೆಯೊಳಗೆ ತಾನಾಗಿಯೇ ಬಂದು ಸೇರಿಕೊಂಡಿರುವಂಥದು. ಕೆಲವರ ಮನೆಯಲ್ಲಿ ಅದು ಬಾಣಲೆ, ಕಾವಲಿಗಳನ್ನಿಡುವ ಕಪಾಟು. ಇನ್ನು ಕೆಲವರ ಮನೆಯಲ್ಲಿ ಮಕ್ಕಳ ಹುಟ್ಟುಹಬ್ಬದ ಕೇಕು, ಕರಾವಳಿಯ ಕ್ರೈಸ್ತ ಬಂಧುಗಳ ಕ್ರಿಸ್‌ಮಸ್ ಕುಸ್ವಾರು, ವಾರಾಂತ್ಯದ ಮಸಾಲೆ ಕೋಳಿ ಎಲ್ಲವೂ ಅಲ್ಲಿಯೇ ಬೇಯಬೇಕು. ಆದರೆ ಅದರ ಒಳಗೋಡೆಗಳನ್ನು ಕಣ್ಣಿಟ್ಟು ನೋಡುವ ಸಂದರ್ಭ ಮಾತ್ರ ಬಹುತೇಕರಿಗೆ ಒಂದೇ: ಮನೆ ಖಾಲಿ ಮಾಡುವ ವಾರ. ಮಾಲೀಕ ಬಂದು ನೋಡುವ ಮುನ್ನ, ಠೇವಣಿಯ ಹಣ ಕಡಿತವಾಗದಂತೆ, ವರ್ಷಗಳ ಕರಕಲನ್ನು ಒಂದೇ ರಾತ್ರಿಯಲ್ಲಿ ತೆಗೆಯಬೇಕು. ಆಗ ಅಂಗಡಿಯಿಂದ ಬರುವುದೇ ಓವನ್ ಕ್ಲೀನರ್ ಎಂಬ ತೀಕ್ಷ್ಣ ದ್ರಾವಣ.

ಈ ಅವಸರ ನೋಡಲು ಸಣ್ಣದು. ಆದರೆ ಅದರ ಪರಿಣಾಮ ಹಾಗಿರಬೇಕೆಂದಿಲ್ಲ. ಜೂನ್ ತಿಂಗಳಲ್ಲಿ ಹೊರಗೆ ಬಿಸಿಲು 45 ಡಿಗ್ರಿಯ ಆಸುಪಾಸಿನಲ್ಲಿರುವಾಗ ಇಲ್ಲಿ ಯಾರೂ ಕಿಟಕಿ ತೆರೆಯುವುದಿಲ್ಲ. ಮುಚ್ಚಿದ ಕೋಣೆ, ಅದೇ ಗಾಳಿಯನ್ನು ಸುತ್ತಿಸುವ ಏಸಿ, ಓವನ್ನಿನೊಳಗೆ ತಲೆ ಹಾಕಿ ದ್ರಾವಣ ಸಿಂಪಡಿಸುವ ಮನುಷ್ಯ: ವೈದ್ಯನಾದ ನನಗೆ ಈ ಚಿತ್ರವೇ ಆತಂಕ ಹುಟ್ಟಿಸುತ್ತದೆ.

ಇಂತಹ ಅನೇಕ ದ್ರಾವಣಗಳ ಮುಖ್ಯ ಘಟಕ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಅದು ಜಿಡ್ಡಿನ ಕೊಬ್ಬನ್ನು ಒಡೆದು ಸಾಬೂನನ್ನಾಗಿ ಪರಿವರ್ತಿಸುತ್ತದೆ. ಸಾಬೂನು ನೀರಿನಲ್ಲಿ ಕರಗಿ ಹೋಗುತ್ತದೆ. ದ್ರಾವಣದ ಜಾಣ್ಮೆ ಇಷ್ಟೇ. ಆದರೆ ಕೋಳಿಯ ಕೊಬ್ಬಿಗೂ ನಮ್ಮ ಜೀವಕೋಶದ ಪೊರೆಯಲ್ಲಿರುವ ಕೊಬ್ಬಿಗೂ ಅದು ಭೇದವೆಣಿಸುವುದಿಲ್ಲ. ಆಮ್ಲ ತಾಗಿದಾಗ ಚರ್ಮದ ಪ್ರೋಟೀನು ಹೆಪ್ಪುಗಟ್ಟಿ, ಆಮ್ಲ ಇನ್ನಷ್ಟು ಆಳಕ್ಕೆ ಇಳಿಯದಂತೆ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕ್ಷಾರವಾದರೋ ಅಂಗಾಂಶವನ್ನೇ ಕರಗಿಸುತ್ತಾ ಒಳಗಿಳಿಯುತ್ತದೆ. ನೋವು ಎಷ್ಟೋ ವೇಳೆ ತಡವಾಗಿ ಕಾಣಿಸಿಕೊಳ್ಳುವುದರಿಂದ, ‘ಏನೂ ಆಗಿಲ್ಲ’ ಎಂದುಕೊಂಡವರು ಕೈ ತೊಳೆಯುವುದನ್ನೂ ಮುಂದೂಡುತ್ತಾರೆ. ಕಣ್ಣಿಗೆ ಬಿದ್ದರೆ ಕಾರ್ನಿಯ ಮಸುಕಾಗಿ ದೃಷ್ಟಿಯೇ ಹೋಗಬಹುದು. ನುಂಗಿದ ಮಗುವಿನ ಅನ್ನನಾಳ ಗಾಯ ಮಾಯುವಾಗ ಕಿರಿದಾಗಿ, ಒಂದು ತುತ್ತು ಅನ್ನ ಇಳಿಸಲೂ ವರ್ಷಗಟ್ಟಲೆ ಚಿಕಿತ್ಸೆ ಬೇಕಾಗಬಹುದು.

ಇದು ಹೊಸ ತಿಳಿವಳಿಕೆಯಲ್ಲ. ಅಮೆರಿಕದ ಗಂಟಲು ತಜ್ಞ ಷೆವಲಿಯರ್ ಜಾಕ್ಸನ್, ಮನೆಬಳಕೆಯ ಕ್ಷಾರ ನುಂಗಿ ಅನ್ನನಾಳ ಸುಟ್ಟುಕೊಂಡ ಮಕ್ಕಳನ್ನು ನೋಡಿ ನೋಡಿ ನೊಂದು, ಇಂತಹ ಡಬ್ಬಿಗಳ ಮೇಲೆ ಎಚ್ಚರಿಕೆಯ ಚೀಟಿ ಕಡ್ಡಾಯವಾಗಬೇಕೆಂದು ದೀರ್ಘಕಾಲ ಹೋರಾಡಿದರು. ಅದರ ಫಲವಾಗಿ 1927ರಲ್ಲಿ ಅಲ್ಲಿ ಕಾನೂನೇ ಬಂತು. ಇಂದು ಎಲ್ಲ ಡಬ್ಬಿಗಳ ಮೇಲೂ ಎಚ್ಚರಿಕೆ ಇದೆ. ಆದರೆ ಒಮಾನಿನಲ್ಲಿ ಅದು ಅರಬ್ಬಿಯಲ್ಲಿ ಮತ್ತು ಇಂಗ್ಲಿಷಿನಲ್ಲಿದೆ; ಡಬ್ಬಿಯನ್ನು ಕೈಗೆತ್ತಿಕೊಳ್ಳುವ ಮನೆಗೆಲಸದ ಹೆಣ್ಣುಮಗಳಿಗೆ ಅನೇಕ ಸಲ ಆ ಎರಡೂ ಓದಲು ಬರುವುದಿಲ್ಲ.

ಉಸಿರಾಟದ ಮಾತೂ ಇದೆ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು ಆರು ಸಾವಿರ ಜನರನ್ನು ಎರಡು ದಶಕಗಳ ಕಾಲ ಅನುಸರಿಸಿತು. ಮನೆಯಲ್ಲಾಗಲಿ ಉದ್ಯೋಗವಾಗಿಯಾಗಲಿ ಶುಚಿಗೊಳಿಸುವ ಕೆಲಸ ಮಾಡುವ ಮಹಿಳೆಯರ ಶ್ವಾಸಕೋಶದ ಸಾಮರ್ಥ್ಯ ಉಳಿದ ಮಹಿಳೆಯರಿಗಿಂತ ಬೇಗ ಕುಗ್ಗುತ್ತದೆ ಎಂಬುದು ಅದು ಕಂಡ ಸಂಗತಿ. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಇಂಥದೇ ಡಬ್ಬಿ ಕಾರಣವೆಂದು ಹೇಳುವುದಿಲ್ಲ. ಆದರೂ ಆಸ್ತಮಾ ಇರುವವರಿಗೆ ಸಿಂಪಡಿಸುವ ದ್ರಾವಣದಿಂದ ದೂರವಿರಿ ಎಂದು ಸಲಹೆ ನೀಡಲು ನನಗೆ ಅಷ್ಟು ಸಾಕು.

ಹಾಗಾದರೆ ದಾರಿ ಯಾವುದು? ನಮ್ಮ ಹಿರಿಯರ ಅಡುಗೆಮನೆಯಲ್ಲಿಯೇ ಅದರ ತತ್ತ್ವವಿತ್ತು. ಜಿಡ್ಡಿನ ಪಾತ್ರೆಗೆ ಒಲೆಯ ಬೂದಿ, ಕಿಲುಬಿದ ತಾಮ್ರಕ್ಕೆ ಹುಣಸೆಹಣ್ಣು. ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೋನೇಟ್ ಕ್ಷಾರ, ಹುಣಸೆ ಆಮ್ಲ. ಎಲ್ಲಿಗೆ ಯಾವುದೆಂಬುದು ಆ ಕೈಗಳಿಗೆ ತಿಳಿದಿತ್ತು. ಇಂದು ಬೂದಿಯ ಜಾಗದಲ್ಲಿ ಅಡುಗೆ ಸೋಡಾ ನಿಲ್ಲಬಲ್ಲದು. ಕಾಸ್ಟಿಕ್ ದ್ರಾವಣದ ಪಿಎಚ್ 13ನ್ನೂ ಮೀರಬಹುದು. ಅಡುಗೆ ಸೋಡಾದ್ದು ಎಂಟರ ಆಸುಪಾಸು. ಈ ಮಾಪನದಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟಿನ ವ್ಯತ್ಯಾಸವಾದುದರಿಂದ ಇವೆರಡರ ನಡುವಿನ ಅಂತರ ಬಹು ದೊಡ್ಡದು.

ವಿಧಾನ ಸರಳ. ಗ್ಯಾಸ್ ಮುಚ್ಚಿ, ವಿದ್ಯುತ್ ಪ್ಲಗ್ ತೆಗೆದು, ಓವನ್ ಪೂರ್ತಿ ತಣ್ಣಗಾಗಲು ಬಿಡಿ. ಒಳಗಿನ ಕಂಬಿತಟ್ಟೆಗಳನ್ನು ಪಾತ್ರೆ ತೊಳೆಯುವ ಸಾಬೂನು ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿ. ಮೂರು ಪಾಲು ಅಡುಗೆ ಸೋಡಾಕ್ಕೆ ಒಂದು ಪಾಲು ನೀರು ಸೇರಿಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಒಳಗೋಡೆಗಳಿಗೆ ಬಳಿಯಿರಿ. ಬರ್ನರಿನ ರಂಧ್ರಗಳು, ಬಿಸಿಯಾಗುವ ಸುರುಳಿಗಳು, ಬಾಗಿಲಂಚಿನ ರಬ್ಬರ್ ಪಟ್ಟಿ ಮತ್ತು ಅಲ್ಯೂಮಿನಿಯಂ ಭಾಗಗಳಿಗೆ ಅದು ತಾಗದಿರಲಿ, ಅಲ್ಯೂಮಿನಿಯಂ ಕಪ್ಪಾಗುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಜಿಡ್ಡು ಸೋಡಾದೊಂದಿಗೆ ಎದ್ದು ಬರುತ್ತದೆ. ಕೊನೆಯಲ್ಲಿ ಉಳಿಯುವ ಬಿಳಿ ಪುಡಿಯನ್ನು ನೀರು ಬೆರೆಸಿದ ವಿನಿಗರಿನಿಂದ ಒರೆಸಿ ತೆಗೆಯಬಹುದು.

ಇಲ್ಲೊಂದು ತಪ್ಪು ನಂಬಿಕೆಯನ್ನು ತಿದ್ದಬೇಕಾಗಿದೆ. ಸೋಡಾ ಮತ್ತು ವಿನಿಗರನ್ನು ಮೊದಲೇ ಬೆರೆಸಿದರೆ ಭರ್ರನೆ ನೊರೆ ಬರುತ್ತದೆ. ನೋಡಿದವರು ಅದೇ ಶಕ್ತಿಯೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಕ್ಷಾರವೂ ಆಮ್ಲವೂ ಒಂದನ್ನೊಂದು ಕೊಂದುಕೊಂಡು, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಲವಣ ಮಾತ್ರ ಉಳಿಯುತ್ತದೆ. ಬೂದಿ ಮತ್ತು ಹುಣಸೆಯನ್ನು ಒಟ್ಟಿಗೆ ಕಲಸಿ ಪಾತ್ರೆ ಬೆಳಗಿದ ಅಜ್ಜಿ ಯಾರಿದ್ದಾರೆ? ಇನ್ನು ‘ನೈಸರ್ಗಿಕ’ವೆಂಬ ಮಾತಿಗೂ ಮರುಳಾಗಬೇಕಿಲ್ಲ. ಬ್ಲೀಚಿಗೆ ವಿನಿಗರ್ ಬೆರೆತರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಅಮೋನಿಯ ಬೆರೆತರೆ ಕ್ಲೋರಮೈನ್; ಎರಡೂ ಶ್ವಾಸಕೋಶಕ್ಕೆ ವಿಷ.

ಸೋಡಾ ಪವಾಡವನ್ನೇನೂ ಮಾಡದು. ಕಲ್ಲಿನಂತಾದ ಹಳೆಯ ಕರಕಲಿಗೆ ಎರಡು ಮೂರು ರಾತ್ರಿ ಬೇಕು, ತೋಳಿನ ಬಲವೂ ಬೇಕು. ಕಾಸ್ಟಿಕ್ ಸೋಡಾ ಉಳಿಸುವುದು ಸಮಯವನ್ನು, ಸೋಡಾ ಕೇಳುವುದೂ ಸಮಯವನ್ನೇ. ಆದ್ದರಿಂದ ನಿಜವಾದ ಪರಿಹಾರ ಡಬ್ಬಿಯಲ್ಲಿಲ್ಲ, ಪಂಚಾಂಗದಲ್ಲಿದೆ: ತಿಂಗಳಿಗೊಮ್ಮೆ ಒರೆಸುವವರಿಗೆ ಮನೆ ಬಿಡುವ ರಾತ್ರಿ ಯುದ್ಧವಿರುವುದಿಲ್ಲ.

ಅನಿವಾರ್ಯವಾಗಿ ತೀಕ್ಷ್ಣ ದ್ರಾವಣ ಬಳಸುವುದಾದರೆ ಕಿಟಕಿ ತೆರೆದಿರಲಿ, ಉದ್ದ ಕೈಗವಸೂ ಕನ್ನಡಕವೂ ಇರಲಿ. ಉಳಿದದ್ದನ್ನು ಎಂದೂ ನೀರಿನ ಬಾಟಲಿಗೆ ಸುರಿದಿಡಬೇಡಿ. ಬಾಯಾರಿದ ಮಗು ಬಾಟಲಿಯ ಆಕಾರವನ್ನು ನೋಡುತ್ತದೆ, ಚೀಟಿಯನ್ನಲ್ಲ. ಚರ್ಮಕ್ಕೋ ಕಣ್ಣಿಗೋ ತಾಗಿದರೆ ಆಸ್ಪತ್ರೆಗೆ ಓಡುವ ಮುನ್ನ ನಲ್ಲಿಯ ಕೆಳಗೆ ಕನಿಷ್ಠ ಇಪ್ಪತ್ತು ನಿಮಿಷ ಸತತವಾಗಿ ತೊಳೆಯಿರಿ. ಬೇಸಿಗೆಯಲ್ಲಿ ಇಲ್ಲಿನ ನಲ್ಲಿಯ ನೀರೇ ಸುಡುವುದರಿಂದ ಮೊದಲು ಕೈಯಿಂದ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಕುಡಿಯುವ ನೀರಿನ ಕ್ಯಾನನ್ನೇ ಬಳಸಿ. ನುಂಗಿದವರಿಗೆ ವಾಂತಿ ಮಾಡಿಸಬೇಡಿ, ನಿಂಬೆರಸವನ್ನೂ ಕುಡಿಸಬೇಡಿ; 9999ಕ್ಕೆ ಕರೆ ಮಾಡಿ.

ಕಡೆಯ ಮಾತು ಮನೆಯೊಡೆಯರಿಗೆ ಮತ್ತು ಒಡತಿಯರಿಗೆ. ನಮ್ಮ ಎಷ್ಟೋ ಮನೆಗಳಲ್ಲಿ ಓವನ್ನಿನೊಳಗೆ ತಲೆ ಹಾಕುವವರು ನಾವಲ್ಲ. ಕಡಪದಿಂದಲೋ ಕೇರಳದಿಂದಲೋ ಶ್ರೀಲಂಕೆಯಿಂದಲೋ ಮಕ್ಕಳನ್ನು ಬಿಟ್ಟು ದುಡಿಯಲು ಬಂದ ಹೆಂಗಸು ಆ ಕೆಲಸ ಮಾಡುತ್ತಾಳೆ. ನಮ್ಮ ಠೇವಣಿ ಉಳಿಸಲು ಆಕೆ ಕಣ್ಣನ್ನು ಒತ್ತೆಯಿಡಬೇಕಾಗಿಲ್ಲ. ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಆಕೆಯ ಭಾಷೆಯಲ್ಲಿ ಓದಿ ಹೇಳುವುದು, ಅದಕ್ಕಿಂತ ಮಿಗಿಲಾಗಿ ಆ ಡಬ್ಬಿಯನ್ನು ಕೊಳ್ಳದೇ ಇರುವುದು, ನಮ್ಮ ಕರ್ತವ್ಯ. ಅಡುಗೆ ಸೋಡಾದ ಪೊಟ್ಟಣ ಪ್ರತಿ ಮನೆಯ ಕಪಾಟಿನಲ್ಲಿಯೂ ಇದೆ. ಒಂದು ರಾತ್ರಿ ಕಾಯುವ ಸಹನೆಯನ್ನು ಮಾತ್ರ ನಾವು ಕೂಡಿಸಬೇಕಾಗಿದೆ.