ಮುಂಬಯಿಯಲ್ಲಿ ಮಾವ ಇಲ್ಲದವರಿಗೆ

ಕರಾವಳಿಯವರಿಗೆ ನೆಟ್‌ವರ್ಕಿಂಗ್ ಹೊಸತಲ್ಲ. ಮದುವೆ ಹಾಲ್‌ನಲ್ಲಿ ಪಕ್ಕದ ಎಲೆಯವರನ್ನು "ನಿಮ್ಮದು ಯಾವ ಊರು?" ಎಂದು ಮಾತಿಗೆಳೆದು, ಪಾಯಸ ಬರುವಷ್ಟರಲ್ಲಿ ಏನಾದರೊಂದು ಸಂಬಂಧ ಹುಡುಕಿಬಿಡುವ ಜನ ನಾವು. ಮುಂಬಯಿಗೆ ಹೋಗಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಊರಿನವರೊಬ್ಬರ ಮಾತಿನಿಂದ ಆಫೀಸು ಸೇರಿದವರ ಕಥೆಗಳು ನಮ್ಮ ಕಾಪುವಿನಲ್ಲೂ ಬೇಕಾದಷ್ಟಿವೆ. ಮೊಗವೀರರ ಸಂಘವಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಶುರುವಾದದ್ದು 1902ರಲ್ಲಿ. ಬಂಟರೂ ಬಿಲ್ಲವರೂ ಮುಂದೆ ತಮ್ಮ ಸಂಘ ಕಟ್ಟಿಕೊಂಡರು. ಅವುಗಳ ಉಪಕಾರ ಸಣ್ಣದಲ್ಲ. ಆದರೆ ಆ ಬಾಗಿಲು ತಟ್ಟಲು ಜಾತಿಯ ಬಲ ಬೇಕಿತ್ತು, ಇಲ್ಲವೇ ಅಲ್ಲಿ ಒಬ್ಬ ಮಾವ ಇರಬೇಕಿತ್ತು.

ಮಣಿಪಾಲದಲ್ಲಿ, ಉಡುಪಿಯ ಹೋಟೆಲ್ ಸಭಾಂಗಣಗಳಲ್ಲಿ ಈಗ ಉದ್ಯಮದವರನ್ನೂ ವಿದ್ಯಾರ್ಥಿಗಳನ್ನೂ ಭೇಟಿ ಮಾಡಿಸುವ ಕಾರ್ಯಕ್ರಮಗಳು ನಡೆಯುತ್ತವಲ್ಲ, ಅವು ಬೇಕಾದದ್ದು ಮಾವ ಇಲ್ಲದವರಿಗೆ. ಅಲ್ಲಿ ಹಿಂದೆ ಸರಿದು ನಿಲ್ಲುವವರೂ ಅವರೇ. ಉಡುಪಿಯಲ್ಲಿ ಸಣ್ಣದೊಂದು ಸಿ.ಎ. ಕಚೇರಿ ನಡೆಸುವ ನನ್ನನ್ನೂ ಒಮ್ಮೊಮ್ಮೆ ಕರೆಯುತ್ತಾರೆ. ಇಂಗ್ಲಿಷ್ ಸಲೀಸಾಗಿರುವ ಮಕ್ಕಳು ದೊಡ್ಡ ಕಂಪೆನಿಯವರನ್ನು ಸುತ್ತುವರಿದಿರುತ್ತಾರೆ. ಕಾರ್ಕಳ, ಬೈಲೂರು, ಹಿರಿಯಡ್ಕದಿಂದ ಬಸ್ಸಿನಲ್ಲಿ ಬಂದವರು ಚಹಾ ಲೋಟ ಹಿಡಿದುಕೊಂಡು, ತಮ್ಮ ಕ್ಲಾಸಿನವರ ಜೊತೆಗೇ, ಗೋಡೆ ಬದಿಗೆ. ಕೊನೆಗೊಂದು ಸೆಲ್ಫಿ, ಒಂದು ಸರ್ಟಿಫಿಕೇಟು.

ಒಂದು ಸಲ ಕಾರ್ಕಳ ಕಡೆಯ ಬಿ.ಕಾಂ. ಹುಡುಗಿಯೊಬ್ಬಳು ಬಂದು ಕೇಳಿದಳು: "ಮೇಡಂ, ನಿಮ್ಮಲ್ಲಿ ಹೊಸದಾಗಿ ಸೇರಿದವರು ಮೊದಲ ಆರು ತಿಂಗಳು ಏನು ಕೆಲಸ ಮಾಡ್ತಾರೆ?" ಅಷ್ಟು ಹೊತ್ತು "ಮೇಡಂ, ಸಕ್ಸೆಸ್‌ಗೆ ಟಿಪ್ಸ್ ಕೊಡಿ" ಎಂಬುದನ್ನೇ ಕೇಳಿದ್ದ ನನಗೆ ಜೀವ ಬಂದಂತಾಯಿತು. ಹೇಳಿದೆ: ಅಂಗಡಿಗಳ ಖರೀದಿ ಬಿಲ್ಲುಗಳನ್ನು ಮಾರಿದವರ ರಿಟರ್ನಿನಿಂದ ಜಿಎಸ್‌ಟಿ ಪೋರ್ಟಲಿನಲ್ಲಿ ತಯಾರಾಗುವ 2ಬಿ ಪಟ್ಟಿಯ ಜೊತೆ ತಾಳೆ ನೋಡುವುದು, ತಾಳೆಯಾಗದಿದ್ದರೆ ಮಾರಿದವರಿಗೆ ಫೋನು ಮಾಡಿ ಬೆನ್ನು ಹತ್ತುವುದು, ಎಲ್ಲ ತಿಂಗಳ 20ರೊಳಗೆ. ವಾರದೊಳಗೆ ಅವಳ ಮೆಸೇಜು ಬಂತು. ಅಪ್ಪ ಕೆಲಸ ಮಾಡುವ ಅಂಗಡಿಯ ಧಣಿಗಳನ್ನು ಒಪ್ಪಿಸಿ ಒಂದು ತಿಂಗಳ ಬಿಲ್ಲು ತಾಳೆ ನೋಡಿದ್ದಳು. ಎರಡು ಬಿಲ್ಲು 2ಬಿಯಲ್ಲಿ ಕಾಣುತ್ತಿಲ್ಲ, ಯಾಕಿರಬಹುದು ಎಂದು ಕೇಳಿದ್ದಳು. ಮಾರಿದವರು ರಿಟರ್ನ್ ಹಾಕಿರಲಿಕ್ಕಿಲ್ಲ ಎಂದೆ. ಬಯೋಡೇಟಾ ಕಳಿಸಿರಲಿಲ್ಲ, ಕೆಲಸ ಕೊಡಿ ಎಂಬ ಮಾತೂ ಇರಲಿಲ್ಲ. ರಜೆಯಲ್ಲಿ ಕೆಲಸ ಕಲಿಯಲು ಬಾ ಎಂದು ನಾನೇ ಕರೆದೆ.

ಹೀಗೆ ಸ್ವಲ್ಪ ಸ್ವಲ್ಪವಾಗಿ ಕೂಡಿಡುವುದನ್ನು ಈ ಊರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಪರಿಚಯವೂ ಹಾಗೇ ಜಮೆಯಾಗಬೇಕು. ಒಂದೇ ಸಂಜೆ ಇಪ್ಪತ್ತು ಮಂದಿಯ ವಿಸಿಟಿಂಗ್ ಕಾರ್ಡು ಒಟ್ಟುಮಾಡಿ ಮತ್ತೆ ಸುಮ್ಮನಾದರೆ ಖಾತೆಯಲ್ಲಿ ಏನೂ ಇರುವುದಿಲ್ಲ.

ಮಕ್ಕಳೇ, ವೇದಿಕೆಯಲ್ಲಿ ಮಾತಾಡಿದವರ ಹಿಂದೆ ಓಡಬೇಡಿ, ಅವರಿಗೆ ನಿಮ್ಮ ಹೆಸರು ನೆನಪಿರದು. ಸ್ಟಾಲಿನಲ್ಲಿ ಕುಳಿತ, ಕೆಲಸ ಸೇರಿ ಎರಡು ವರ್ಷವಾದ ಹುಡುಗನನ್ನು ಮಾತಾಡಿಸಿ. ಯಾವ ಪರೀಕ್ಷೆ ಇತ್ತು, ಸಂಬಳ ಎಷ್ಟರಿಂದ ಶುರು ಎಂದು ನಿಜ ಹೇಳುವವನು ಅವನೇ. ಇಂಗ್ಲಿಷ್ ತಡವರಿಸಿದರೆ ಕನ್ನಡದಲ್ಲಿ, ತುಳುವಿನಲ್ಲಿ ಕೇಳಿ. ಇಲ್ಲಿನ ಎಷ್ಟೋ ವ್ಯವಹಾರ ನಡೆಯುವುದೇ ತುಳುವಿನಲ್ಲಿ.

ತಪ್ಪೆಲ್ಲ ಮಕ್ಕಳದ್ದೇ ಅಲ್ಲ. ಹಾಜರಾತಿ ಕಡ್ಡಾಯವೆಂದು ಬಸ್ಸು ತುಂಬಿಸಿ ಕಳಿಸುವ ಕಾಲೇಜುಗಳಿವೆ. ಸಂಜೆ ಐದಕ್ಕೆ ಉದ್ಘಾಟನೆ ಇಟ್ಟುಕೊಂಡು, ಸನ್ಮಾನ, ಹಾರ, ಶಾಲು ಮುಗಿಸುವಷ್ಟರಲ್ಲಿ ಏಳು ಗಂಟೆ ಮಾಡುವ ಸಂಘಟಕರಿದ್ದಾರೆ. ಮಾತುಕತೆ ಶುರುವಾಗುವ ಹೊತ್ತಿಗೆ ಕಾರ್ಕಳದ ಮಕ್ಕಳು ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯುತ್ತಿರುತ್ತಾರೆ. ಹಾಸ್ಟೆಲಿನವರು ಮಾತ್ರ ಉಳಿಯುತ್ತಾರೆ.

ಸಂಘಟಕರೇ, ಮುಂದಿನ ಕಾರ್ಯಕ್ರಮವನ್ನು ಕಾರ್ಕಳದಲ್ಲಿ ಇಡಿ, ಅದರ ಮುಂದಿನದ್ದನ್ನು ಕಾಪುವಿನಲ್ಲಿ. ಬೆಳಿಗ್ಗೆ ಹತ್ತಕ್ಕೆ, ಸನ್ಮಾನ ಬಿಟ್ಟು. ಹೇಗೂ ಕಾರಿನಲ್ಲಿ ಬರುವವರು ನಾವು, ಅಲ್ಲಿಗೇ ಬರುತ್ತೇವೆ.