ಆಗಲ್ಲ ಅಂದ್ರೆ ಆಗಲ್ಲ ಅನ್ಬೇಕಪ್ಪ!

ಕಂಪ್ಯೂಟರ್ ಓವರ್‌ಕ್ಲಾಕ್ ಮಾಡಿದ್ದು ಹಿಡೀಲಿಲ್ಲ ಅಂತ ಯಾರ ಹತ್ರ ಬೇಕಾದ್ರೂ ಹೇಳಿ ನೋಡಿ, ಬರೋ ಉತ್ತರ ಒಂದೇ. "ವೋಲ್ಟೇಜ್ ಸ್ವಲ್ಪ ಏರಿಸಿ ನೋಡ್ರೀ ಸರ್, ಹಿಡೀತದ." ಹುಬ್ಬಳ್ಳಿಯ ಅಂಗಡಿಯವನೂ ಇದನ್ನೇ ಹೇಳ್ತಾನೆ, ಯೂಟ್ಯೂಬಿನ ಹುಡುಗನೂ ಇದನ್ನೇ ಹೇಳ್ತಾನೆ. ಜ್ವರಕ್ಕೂ ಕಾಲುನೋವಿಗೂ ಅದೇ ಗುಳಿಗೆ. ನನ್ನ ತಕರಾರು ಈ ಗುಳಿಗೆ ಕೊಡುವವರ ಮೇಲೂ ಇದೆ, ಆದರೆ ಅವರದ್ದು ಚಿಲ್ಲರೆ ತಪ್ಪು. ದೊಡ್ಡ ತಪ್ಪು ಇನ್ನೊಂದು ಕಡೆ ಇದೆ. ನಾವು ಹೇಳಿದ್ದನ್ನು ಮಾಡದೆ, ಮಾಡಲಿಲ್ಲ ಅಂತಲೂ ಹೇಳದೆ, ಮಾಡಿದ ಹಾಗೆ ತೋರಿಸುತ್ತಾ ಕೂರುವ ಯಂತ್ರಗಳನ್ನು ತಯಾರಿಸಿ ಮಾರುತ್ತಿದ್ದಾರಲ್ಲ, ಅವರದ್ದು.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರೊಸೆಸರಿನ ವೇಗ ಅನ್ನೋದು ಒಂದು ಗುಣಾಕಾರ ಅಷ್ಟೆ. ಬೋರ್ಡಿನ ಮೂಲ ಮಿಡಿತ 100 ಮೆಗಾಹರ್ಟ್ಸ್, ಅದನ್ನು ಪ್ರೊಸೆಸರು ಇಷ್ಟು ಪಟ್ಟು ಅಂತ ಗುಣಿಸಿಕೊಳ್ಳುತ್ತದೆ. ನನ್ನದರಲ್ಲಿ ಎಲ್ಲ ಕೋರುಗಳೂ ದುಡಿಯುವಾಗ 36 ಪಟ್ಟು, ಅಂದರೆ 3600. ಬಯಾಸಿಗೆ ಹೋಗಿ ಆ 36ನ್ನು 43 ಮಾಡಿ ಸೇವ್ ಮಾಡಿದರೆ 4300 ಆಗಬೇಕು. ಹೀಗೆ ಮಾಡಲಿಕ್ಕೆಂದೇ ಬೀಗ ತೆಗೆದು, ಅದಕ್ಕೆಂದೇ ಒಂದಿಷ್ಟು ಹೆಚ್ಚು ದುಡ್ಡು ತಗೊಂಡು ಮಾರುವ ಜಾತಿಯ ಪ್ರೊಸೆಸರು ಅದು. ಬೋರ್ಡೂ ಅದಕ್ಕೆ ತಕ್ಕದ್ದೇ.

ಮುಂಡಗೋಡ ತಾಲ್ಲೂಕಿನ ಪಾಳಾದಲ್ಲಿ ಕೂತು ನಿನಗ್ಯಾಕಪ್ಪ ಈ ಉಸಾಬರಿ ಅಂತೀರಾ? ಮದುವೆ, ಉಪನಯನ, ಜಾತ್ರೆಯ ವಿಡಿಯೋ ಎಡಿಟ್ ಮಾಡಿಕೊಡೋದು ನನ್ನ ಹೊಟ್ಟೆಪಾಡು. ಹೊಸ ಮಶೀನು ಅಂದರೆ ಒಂದು ಸೀಸನ್ನಿನ ದುಡಿಮೆ ಪೂರ್ತಿ ಅಲ್ಲಿಗೇ. ಇದ್ದ ಮಶೀನೇ ಐದಾರು ತಾಸಿನ ರೆಂಡರಿನಲ್ಲಿ ಒಂದು ತಾಸು ಉಳಿಸಿಕೊಟ್ಟರೆ ನನಗೆ ಅದು ನಿದ್ದೆ, ಗಿರಾಕಿಗೆ ಹೇಳಿದ ದಿನಕ್ಕೆ ಪೆನ್‌ಡ್ರೈವು. ಶೋಕಿಗಾಗಿ ಓವರ್‌ಕ್ಲಾಕ್ ಮಾಡುವವರ ಕಥೆ ಬೇರೆ, ಅವರು ನಂಬರಿನ ಫೋಟೋ ತೆಗೆದುಕೊಂಡು ಮಲಗುತ್ತಾರೆ.

43 ಇಟ್ಟ ದಿನ ಸಂಜೆಯಿಂದ ರಾತ್ರಿವರೆಗೂ ಚೆನ್ನಾಗಿಯೇ ಓಡಿತು. ಬಿಸಿ ಹದದಲ್ಲೇ ಇತ್ತು, ವೋಲ್ಟೇಜೂ ಸಾಕಿತ್ತು. ನಾಲ್ಕು ದಿನ ಬಿಟ್ಟು ನೋಡಿದರೆ ರೆಂಡರು ಮತ್ತೆ ಹಳೇ ಎತ್ತಿನಗಾಡಿ. ಬಯಾಸ್ ತೆರೆದೆ. 43 ಅಂತಲೇ ಇದೆ, ಕದಲಿಲ್ಲ. ವಿಂಡೋಸಿನಲ್ಲಿ ಅಳೆದರೆ 3600!

ಇಲ್ಲಿ ಸ್ವಲ್ಪ ನಿಲ್ಲಿ. ವೇಗ ನೋಡುವುದೇ ಒಂದು ಗೊಂದಲದ ಗೂಡು. ವಿಂಡೋಸಿನ ಸಿಸ್ಟಮ್ ಪುಟದಲ್ಲಿ ಪ್ರೊಸೆಸರಿನ ಹೆಸರಿನ ಪಕ್ಕ ಇಷ್ಟು ಗಿಗಾಹರ್ಟ್ಸ್ ಅಂತ ಇರುತ್ತಲ್ಲ, ಇಂಟೆಲಿನ ಹಳೇ ತಲೆಮಾರುಗಳಲ್ಲಿ ಅದು ಅಳತೆಯೇ ಅಲ್ಲ. ಕಾರ್ಖಾನೆಯಲ್ಲಿ ಚಿಪ್ಪಿನೊಳಗೆ ಬರೆದಿಟ್ಟ ಹೆಸರಿನದೇ ತುಂಡು. ನೀವು ಎಷ್ಟೇ ಓಡಿಸಿ, ಅದು ಬದಲಾಗೋದಿಲ್ಲ. ಅದನ್ನು ನೋಡಿ "ಹಿಡೀಲಿಲ್ಲ" ಅಂತ ಅಳುವವರು ಬಹಳ. ಇನ್ನೊಂದು, ಕೆಲಸವಿಲ್ಲದಾಗ ಪ್ರೊಸೆಸರು ಕರೆಂಟು ಉಳಿಸಲು ತಾನಾಗಿಯೇ ನಿಧಾನವಾಗುತ್ತದೆ. ಇದು ಇವತ್ತಿನದಲ್ಲ, ಕೋರ್ 2 ಡ್ಯುವೋ ಕಾಲದಲ್ಲೇ 2400ರದ್ದು ಸುಮ್ಮನಿದ್ದಾಗ 1600 ತೋರಿಸಿ ಜನರನ್ನು ಗಾಬರಿ ಮಾಡುತ್ತಿತ್ತು. ಆದ್ದರಿಂದ ಭಾರ ಹೊರಿಸಿಯೇ ಅಳೆಯಬೇಕು. ನಾನು ಅಳೆದದ್ದು ರೆಂಡರ್ ಓಡುವಾಗ, ಸಿಪಿಯು-ಜೆಡ್‌ನಲ್ಲೂ ಎಚ್‌ಡಬ್ಲ್ಯುಇನ್ಫೋದಲ್ಲೂ.

ಕಾರಣ ಸಿಕ್ಕಿದ್ದು ಮಳೆಯಿಂದ. ನಮ್ಮ ಕಡೆ ಜೂನ್ ಶುರುವಾದರೆ ಲೈನಿನ ಮೇಲೆ ಟೊಂಗೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಹೋದದ್ದು ಒಂದೇ ಸಲಕ್ಕೆ ಬರುವುದೂ ಇಲ್ಲ. ಬಂತು, ಹೋಯ್ತು, ಬಂತು, ಹೋಯ್ತು, ಆಮೇಲೆ ನಿಂತಿತು. (ಅದೇ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಕೊನೆವರೆಗೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಮಾಡಿತ್ತು. ಸೂಪಾ ನಮ್ಮದು, ಕದ್ರಾ ನಮ್ಮದು, ಕೊಡಸಳ್ಳಿ ನಮ್ಮದು. ಇರಲಿ, ಈ ಜಗಳ ಇನ್ನೊಂದು ದಿನಕ್ಕೆ.) ರಾತ್ರಿ ರೆಂಡರಿಗಾಗಿ ಕರೆಂಟು ಬಂದ ಕೂಡಲೇ ತಾನೇ ಶುರುವಾಗುವ ಹಾಗೆ ಮಶೀನನ್ನು ಇಟ್ಟಿದ್ದೇನೆ. ಆ ಸೌಲಭ್ಯವನ್ನೂ ಬೋರ್ಡಿನವರೇ ಕೊಟ್ಟದ್ದು. ಮನೆಯ ಇನ್ವರ್ಟರ್ ಬದಲಾಗಲು ತೆಗೆದುಕೊಳ್ಳುವ ಆ ಒಂದು ಕ್ಷಣವನ್ನು ಹಳೆಯ ಎಸ್‌ಎಂಪಿಎಸ್ ತಡೆದುಕೊಳ್ಳುವುದಿಲ್ಲ. ಹೀಗೆ ಶುರುವಾಗುತ್ತಾ ಶುರುವಾಗುತ್ತಾ ಮಶೀನು ಎರಡು ಮೂರು ಸಲ ಸಾಯುತ್ತದೆ. ಬೋರ್ಡು ಅದನ್ನು ಲೆಕ್ಕ ಇಟ್ಟುಕೊಂಡು, ಓಹೋ ಈ ಪುಣ್ಯಾತ್ಮ ಅತಿಯಾಗಿ ಓಡಿಸಿದ್ದರಿಂದಲೇ ಬೂಟ್ ಆಗುತ್ತಿಲ್ಲ ಅಂತ ತೀರ್ಮಾನಿಸಿ, ನಾಲ್ಕನೇ ಸಲ ಕಾರ್ಖಾನೆಯ ಲೆಕ್ಕದಲ್ಲೇ ಏಳುತ್ತದೆ.

ಅನುಮಾನ ಬೇಡ ಅಂತ ಮಳೆಯಿಲ್ಲದ ದಿನ ಗೋಡೆಯ ಸ್ವಿಚ್ಚನ್ನೇ ಆರಿಸಿ ಹಾಕಿ ಪರೀಕ್ಷೆ ಮಾಡಿದೆ. ಮೂರು ಸಲ ಆರಿಸಿದರೆ 3600. ಬಯಾಸಿಗೆ ಹೋಗಿ ಏನೂ ಮುಟ್ಟದೆ ಬರೀ ಸೇವ್ ಮಾಡಿ ಹೊರಬಂದರೆ ಮತ್ತೆ 4300. ಪ್ರತಿ ಸಲವೂ ಹೀಗೇ.

ಈ ರಕ್ಷಣೆಯ ವ್ಯವಸ್ಥೆಯೇ ತಪ್ಪು ಅಂತ ನಾನು ಹೇಳೋದಿಲ್ಲ. ಒಳ್ಳೆಯದೇ. ನಿಜವಾಗಿ ತಪ್ಪು ನಂಬರು ಇಟ್ಟವನ ಮಶೀನು ಅದರಿಂದಲೇ ಮತ್ತೆ ಎದ್ದೇಳುತ್ತದೆ. ಕೆಲವು ಬೋರ್ಡುಗಳು "ಓವರ್‌ಕ್ಲಾಕ್ ವಿಫಲ, ಎಫ್1 ಒತ್ತಿ" ಅಂತ ಮುಖಕ್ಕೆ ಹೇಳಿ ನಿಲ್ಲುತ್ತವೆ, ಅವಕ್ಕೆ ನನ್ನ ನಮಸ್ಕಾರ. ನನ್ನದು ಏನೂ ಹೇಳಲಿಲ್ಲ. ಬೂಟ್ ಆಗುವಾಗ ಕಂಪನಿಯ ಲೋಗೋ ಮಿಂಚಿಸಿತು, ಮೆನುವಿನಲ್ಲಿ 43ನ್ನು ಹಾಗೇ ಇಟ್ಟಿತು, ಒಳಗೆ 36ರಲ್ಲಿ ಓಡಿತು. ಲೋಗೋ ತೋರಿಸಲು ಪರದೆಯಲ್ಲಿ ಜಾಗ ಇದೆ, ಒಂದು ಸಾಲಿನ ಸತ್ಯಕ್ಕೆ ಇಲ್ಲ!

ಈಗ ಆ "ವೋಲ್ಟೇಜ್ ಏರಿಸಿ" ಉಪದೇಶಕ್ಕೆ ಬನ್ನಿ. ಬೋರ್ಡು ನಮ್ಮ ಲೆಕ್ಕವನ್ನೇ ಬದಿಗಿಟ್ಟಾಗ ಬೇರೆ ಸಮಸ್ಯೆಯ ಹೆಸರಲ್ಲಿ ವೋಲ್ಟೇಜು ಏರಿಸಿ ಸೇವ್ ಮಾಡಿದಿರಿ ಅಂತಿಟ್ಟುಕೊಳ್ಳಿ. ಸೇವ್ ಆದ ಕೂಡಲೇ 4300 ಹಿಡಿಯುತ್ತದೆ. ಹಿಡಿದದ್ದು ಸೇವ್ ಮಾಡಿದ್ದರಿಂದ, ಕೀರ್ತಿ ಹೋಗುವುದು ವೋಲ್ಟೇಜಿಗೆ. ಮುಂದಿನ ಮಳೆಗೆ ಮತ್ತೆ ತಪ್ಪುತ್ತದೆ, ಮತ್ತೆ ಏರಿಸುತ್ತೀರಿ. ನಾಲ್ಕು ಮಳೆ ಕಳೆಯುವಷ್ಟರಲ್ಲಿ ಚಿಪ್ಪು ಸುಟ್ಟರೆ ಯಾರನ್ನು ಕೇಳುತ್ತೀರಿ? ವಾರಂಟಿಯವರು ಓವರ್‌ಕ್ಲಾಕ್ ಅಂದ ಕೂಡಲೇ ಬಾಗಿಲು ಹಾಕುತ್ತಾರೆ.

ಇದು ಒಂದು ಬೋರ್ಡಿನ ಕಥೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ವೇಗ ಕಡಿಮೆ ಆಗಲು ಇನ್ನೂ ಕಾರಣಗಳಿವೆ. ವಿದ್ಯುತ್ತಿನ ಮಿತಿ ಮುಟ್ಟಿದರೆ ಪ್ರೊಸೆಸರು ಇಳಿಯುತ್ತದೆ, ಬಿಸಿ ಮಿತಿ ಮೀರಿದರೆ ಇಳಿಯುತ್ತದೆ, ವಿಂಡೋಸಿನ ಪವರ್ ಪ್ಲಾನಿನಲ್ಲಿ ಗರಿಷ್ಠ ಶೇ. 99 ಅಂತ ಇದ್ದರೆ ಟರ್ಬೋ ಶುರುವೇ ಆಗುವುದಿಲ್ಲ. ಸಿಟ್ಟು ಬರುವ ವಿಷಯ ಮುಂದಿದೆ. ಇಂಟೆಲಿನ ಪ್ರೊಸೆಸರುಗಳಲ್ಲಿ ಈಗ ಯಾವ ಕಾರಣಕ್ಕೆ ವೇಗ ಇಳಿಸಿದೆ ಅನ್ನೋದನ್ನು ಗುರುತು ಹಾಕಿಡುವ ರಿಜಿಸ್ಟರೇ ಇದೆ. ಎಚ್‌ಡಬ್ಲ್ಯುಇನ್ಫೋ ಅದನ್ನು ಓದಿ ತೋರಿಸುತ್ತದೆ. ಅಂದರೆ ಚಿಪ್ಪಿಗೆ ಗೊತ್ತಿದೆ! ಗೊತ್ತಿದ್ದೂ ವಿಂಡೋಸಿನ ಟಾಸ್ಕ್ ಮ್ಯಾನೇಜರು ನಿಮಗೆ ಹೇಳುವುದಿಲ್ಲ. ಯಾರೋ ಹೊರಗಿನವನು ಬರೆದ ಪ್ರೋಗ್ರಾಮು ಬೇಕು.

ಈ ಕಳ್ಳಾಟಕ್ಕೆ ಇತಿಹಾಸವೂ ಇದೆ. 1998ರ ಸೆಲೆರಾನ್ 300ಎ ನೆನಪಿದೆಯಾ? ಅದರ ಗುಣಕ 4.5ಕ್ಕೆ ಬೀಗ ಹಾಕಿದ್ದರು. ಜನ ಬಸ್ಸಿನ ವೇಗವನ್ನೇ 66ರಿಂದ 100 ಮಾಡಿ 300ರದ್ದನ್ನು 450ಕ್ಕೆ ಓಡಿಸಿದರು. ಆಗ ಹಿಡಿದರೆ ಹಿಡಿಯಿತು, ಇಲ್ಲವಾದರೆ ಪರದೆ ಕಪ್ಪು, ಮುಚ್ಚುಮರೆ ಇರಲಿಲ್ಲ. 2010ರಲ್ಲಿ ಇಂಟೆಲ್ ಇನ್ನೊಂದು ಪ್ರಯೋಗ ಮಾಡಿತು. ಪೆಂಟಿಯಂ ಜಿ6951 ಅಂತ ಒಂದು ಚಿಪ್ಪು, ಅದರೊಳಗೆ ಆಗಲೇ ಇದ್ದ ಕ್ಯಾಶನ್ನು, ಹೈಪರ್‌ಥ್ರೆಡಿಂಗನ್ನು ತೆರೆಯಲು 50 ಡಾಲರಿನ ಕಾರ್ಡು! ನಾವು ದುಡ್ಡು ಕೊಟ್ಟು ತಂದ ಕಪಾಟಿನ ಒಂದು ಖಾನೆಗೆ ಅವರದ್ದೇ ಬೀಗ. 2015ರ ಕೊನೆಗೆ ಕೆಲವು ಬೋರ್ಡು ಕಂಪನಿಗಳು ಬೀಗ ಹಾಕಿದ ಸ್ಕೈಲೇಕ್ ಚಿಪ್ಪುಗಳನ್ನೂ ಓಡಿಸುವ ಬಯಾಸ್ ಕೊಟ್ಟವು. 2016ರ ಫೆಬ್ರವರಿ ಹೊತ್ತಿಗೆ ಹೊಸ ಅಪ್‌ಡೇಟಿನಲ್ಲಿ ಅದು ಮಾಯ. ಅಪ್‌ಡೇಟ್ ಹಾಕಿಕೊಂಡವನ ಓವರ್‌ಕ್ಲಾಕ್ ಹೋಯಿತು. 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತಾ ದೋಷ ಹೊರಬಂದ ಮೇಲೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವೋಲ್ಟೇಜ್ ಇಳಿಸುವ ದಾರಿ ಮುಚ್ಚಿದರು. ಕಾರಣ ಸರಿಯಾದದ್ದೇ, ಒಪ್ಪುತ್ತೇನೆ. ಆದರೆ ಅಪ್‌ಡೇಟ್ ಹಾಕುವಾಗ "ಇದು ಇನ್ನು ಮೇಲೆ ಆಗಲ್ಲ" ಅಂತ ಹೇಳಿದ ಲ್ಯಾಪ್‌ಟಾಪನ್ನು ನಾನಂತೂ ಕಾಣೆ.

ಇದಕ್ಕೆಲ್ಲ ಕಿರೀಟ 2024ರದ್ದು. ಇಂಟೆಲಿನ 13 ಮತ್ತು 14ನೇ ತಲೆಮಾರಿನ ದೊಡ್ಡ ಚಿಪ್ಪುಗಳು ಕುಸಿಯತೊಡಗಿದಾಗ ಮೊದಲು ಬೆರಳು ತೋರಿಸಿದ್ದು ಬೋರ್ಡು ಕಂಪನಿಗಳತ್ತ. ಅವು ವಿದ್ಯುತ್ ಮಿತಿಗಳನ್ನು ಸಡಿಲ ಬಿಟ್ಟು, ಅದನ್ನೇ "ಡೀಫಾಲ್ಟ್" ಅಂತ ಕೊಟ್ಟಿದ್ದವು. ಆಮೇಲೆ ಜುಲೈಯಲ್ಲಿ ಇಂಟೆಲೇ ಒಪ್ಪಿಕೊಂಡಿತು, ತನ್ನ ಮೈಕ್ರೋಕೋಡೇ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು ಅಂತ. ಆಗಸ್ಟಿನಲ್ಲಿ ತಿದ್ದುಪಡಿ ಬಂತು, ವಾರಂಟಿ ಎರಡು ವರ್ಷ ಹೆಚ್ಚಿಸಿದರು. ನೋಡಿ ಮಾರಾಯ್ರೆ, ನಾವು ಕೇಳಿ, ಹೆಚ್ಚು ದುಡ್ಡು ಕೊಟ್ಟು ಓಡಿಸು ಅಂದರೆ ಸದ್ದಿಲ್ಲದೆ ಓಡಿಸುವುದಿಲ್ಲ. ಏನೂ ಮುಟ್ಟದವನ ಮಶೀನನ್ನು ಸದ್ದಿಲ್ಲದೆ ಅತಿಯಾಗಿ ಓಡಿಸುತ್ತಾರೆ.

ಕನ್ನಡದಲ್ಲಿ ಬ್ಲಾಗು ಬರೆಯುವ ನಮಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ವಿಂಡೋಸ್ ಎಕ್ಸ್‌ಪಿಯಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಟಿಕ್ ಮಾಡದಿದ್ದರೆ ಕನ್ನಡವೆಲ್ಲ ಚೌಕ ಚೌಕ ಕಾಣುತ್ತಿತ್ತಲ್ಲ, ಎಷ್ಟು ಬೈದಿದ್ದೇವೆ. ಆದರೂ ಆ ಚೌಕ ಪ್ರಾಮಾಣಿಕವಾಗಿತ್ತು. ನನ್ನ ಹತ್ತಿರ ಈ ಅಕ್ಷರ ಇಲ್ಲ ಅಂತ ಕಣ್ಣಿಗೆ ಹೊಡೆಯುವ ಹಾಗೆ ಹೇಳುತ್ತಿತ್ತು. ಹೇಳಿದ್ದರಿಂದಲೇ ನಾವು ಹುಡುಕಿ ಸರಿಮಾಡಿಕೊಂಡೆವು. ಚೌಕದ ಬದಲು ಅದು ನಾವು ಬರೆದದ್ದನ್ನು ಬಿಟ್ಟು ಇನ್ನೇನೋ ಒಳ್ಳೇ ಕನ್ನಡ ತೋರಿಸಿದ್ದರೆ?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಮೆನುವಿನಲ್ಲಿ ಎರಡು ಅಂಕಣ ಇರಲಿ, ನೀವು ಕೇಳಿದ್ದು 43, ಈಗ ಓಡುತ್ತಿರುವುದು 36, ಕಾರಣ ಬೂಟ್ ಮೂರು ಸಲ ನಿಂತದ್ದು. ಬೂಟಿನ ಮಧ್ಯೆ ಕರೆಂಟೇ ಹೋಗಿದ್ದಿರಬಹುದು ಅನ್ನುವ ಸಾಧ್ಯತೆಯನ್ನೂ ಅದರಲ್ಲಿ ಬರೆಯಲಿ, ಬೋರ್ಡು ತಯಾರಿಸುವ ಊರುಗಳಲ್ಲಿ ಇದು ಯಾರ ತಲೆಗೂ ಹೊಳೆಯದೆ ಇರಬಹುದು. ಅಪ್‌ಡೇಟಿನಿಂದ ಏನಾದರೂ ಕಿತ್ತುಕೊಳ್ಳುವುದಿದ್ದರೆ ಹಾಕುವ ಮೊದಲೇ ಹೇಳಲಿ.

ಅಲ್ಲಿವರೆಗೆ ನಿಮ್ಮ ಊರಲ್ಲೂ ಕರೆಂಟು ಕಣ್ಣುಮುಚ್ಚಾಲೆ ಆಡುತ್ತಿದ್ದರೆ, ವೋಲ್ಟೇಜ್ ಮುಟ್ಟುವ ಮೊದಲು ಬರೀ ಸೇವ್ ಮಾಡಿ ಹೊರಬಂದು ಭಾರ ಹೊರಿಸಿ ಅಳೆದು ನೋಡಿ. ಇನ್ವರ್ಟರಿನ ಹಿಂದೆ ಯುಪಿಎಸ್, ನಾರ್ಮಲ್ ಅಂತ ಸಣ್ಣ ಸ್ವಿಚ್ಚಿದ್ದರೆ ಅದು ಯುಪಿಎಸ್ ಕಡೆ ಇದೆಯಾ ನೋಡಿ. ಮೇನ್ ಆರಿಸಿದಾಗೆಲ್ಲ ಕಂಪ್ಯೂಟರಿನ ತಾರೀಖೂ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಮೇಲಿನ ಗುಂಡಗಿನ ಸೆಲ್ಲು, 2032 ನಂಬರಿನದು, ಮುಗಿದಿರುತ್ತದೆ. ಆಗ ಸೆಟ್ಟಿಂಗೇ ಅಳಿಸಿಹೋಗುತ್ತದೆ, ಅದು ಬೇರೆ ರೋಗ. ಮತ್ತೆ ನಿಮ್ಮ ಬೋರ್ಡು ಮುಖಕ್ಕೆ ಹೇಳುವ ಜಾತಿಯದೋ ಬಾಯಿ ಮುಚ್ಚಿಕೊಂಡಿರುವ ಜಾತಿಯದೋ, ಮಾಡೆಲ್ ನಂಬರಿನ ಸಮೇತ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಪೆಟ್ಟಿಗೆಯ ಮೇಲೆ ಅವರಂತೂ ಅಚ್ಚು ಹಾಕುವುದಿಲ್ಲ.